ಒಳಗೊಳಗೇ ಸೋರುವ ಹೀಟ್ ಎಕ್ಸ್‌ಚೇಂಜರ್: ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆ ಪಕ್ಕದ ಭೋಸರಿಯ ಒಂದು ಶೆಡ್‌ನಲ್ಲಿ ಕೂತು ಹೀಟ್ ಎಕ್ಸ್‌ಚೇಂಜರ್ ಡ್ರಾಯಿಂಗ್ ಮಾಡುತ್ತಾ ಇಪ್ಪತ್ತು ವರ್ಷದ ಮೇಲಾಯಿತು. ಪುಣೆ, ಮುಂಬೈ, ಗೋವಾದಲ್ಲಿರುವ ನಮ್ಮವರು ಫೋನಿನಲ್ಲಿ, ಪತ್ರದಲ್ಲಿ, ಕನ್ನಡ ಸಂಘದ ಊಟದ ಪಂಕ್ತಿಯಲ್ಲಿ ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವುದು ಆಮೇಲೆ.

## ಮೊದಲಿಗೆ ಒಂದಿಷ್ಟು

ಒಳಗಿನ ಸೋರಿಕೆ ಅಂದ್ರೆ ಏನು ಸರ್? ಸೋರಿದ್ರೆ ಕೆಳಗೆ ನೀರು ಬೀಳಲ್ವಾ?

ಬಿದ್ದರೆ ಪುಣ್ಯ. ಪೈಪ್ ಜೋಡಣೆಯ (ಫ್ಲೇಂಜ್) ನಡುವೆ ಸೋರದಂತೆ ಹಾಕುವ ಗ್ಯಾಸ್ಕೆಟ್ ಹೋದರೆ ನೀರು ನೆಲಕ್ಕೆ ಬೀಳುತ್ತದೆ, ಕಸ ಗುಡಿಸುವವರಿಗೂ ಕಾಣುತ್ತದೆ. ನಮ್ಮ ಶೆಡ್‌ನ ಮರಾಠಿ ಫಿಟರ್‌ಗಳು ‘ಗಳತಿ, ಗಳತಿ’ ಅಂತ ಕೂಗುವುದು ಇದಕ್ಕೇ. ಒಳಗಿನ ಸೋರಿಕೆಗೆ ಯಾರೂ ಕೂಗುವುದಿಲ್ಲ, ಯಾಕಂದರೆ ಯಾರಿಗೂ ಕಾಣುವುದಿಲ್ಲ.

ಎಕ್ಸ್‌ಚೇಂಜರ್ ಅಂದರೆ ಎರಡು ದ್ರವ, ನಡುವೆ ಒಂದು ಲೋಹದ ಗೋಡೆ. ಬಿಸಿ ದಾಟಬೇಕು, ದ್ರವ ದಾಟಬಾರದು. ಬಿಸಿ ಚೆನ್ನಾಗಿ ದಾಟಲಿ ಅಂತ ಗೋಡೆಯನ್ನು ತೆಳುವಾಗಿ ಇಡುತ್ತೇವೆ. ಪ್ಲೇಟ್ ಟೈಪ್‌ನಲ್ಲಿ ಸುಮಾರು ಅರ್ಧ ಮಿಲಿಮೀಟರ್, ಟ್ಯೂಬ್‌ನಲ್ಲಿ ಸಾಮಾನ್ಯವಾಗಿ ಒಂದೂವರೆ, ಎರಡು ಮಿಲಿಮೀಟರ್. ತುಕ್ಕು ತಿನ್ನಬಹುದು. ಟ್ಯೂಬ್ ನಡುಗಿ ನಡುಗಿ ಅದನ್ನು ಹಿಡಿದಿಡುವ ಅಡ್ಡ ತಗಡಿಗೆ (ಬ್ಯಾಫಲ್) ಉಜ್ಜಿ ಸವೆಯಬಹುದು. ದಿನಾ ಹಿಗ್ಗಿ ಕುಗ್ಗಿ ಜಾಯಿಂಟ್ ಸಡಿಲವಾಗಬಹುದು. ಒಂದಲ್ಲ ಒಂದು ದಿನ ತೂತು ಬೀಳುವುದೇ. ಆಗ ಒಂದು ಕಡೆಯದು ಇನ್ನೊಂದು ಕಡೆಗೆ ಸೇರುತ್ತದೆ. ಹೊರಗೆ ನೋಡಿದರೆ ಎಲ್ಲಾ ಒಣಗಿದೆ, ಪೇಂಟ್ ಹೊಳೆಯುತ್ತಿದೆ.

ಅದಕ್ಕೇ ‘ಸೋರದ ಎಕ್ಸ್‌ಚೇಂಜರ್ ಮಾಡಿಕೊಡಿ’ ಅನ್ನುವವರಿಗೆ ನಾನು ತಿರುಗಿ ಒಂದು ಪ್ರಶ್ನೆ ಹಾಕುತ್ತೇನೆ: ಸೋರಿದ ದಿನ ಮೊದಲ ಹನಿ ಎಲ್ಲಿ ಬೀಳಬೇಕು, ಹೇಳಿ. ಡ್ರಾಯಿಂಗ್‌ನಲ್ಲಿ ಇದನ್ನು ನಾವು ತೀರ್ಮಾನಿಸದಿದ್ದರೆ ಹನಿ ತಾನೇ ತೀರ್ಮಾನಿಸುತ್ತದೆ.

ಪಿನ್‌ಹೋಲ್‌ನಿಂದ ಏನು ಮಹಾ ಹೋಗುತ್ತೆ? ಫ್ಲೋ ಮೀಟರ್ ಇದೆಯಲ್ಲ, ಅದ್ರಲ್ಲೇ ಗೊತ್ತಾಗುತ್ತೆ ಬಿಡಿ.

ಗೊತ್ತಾಗಲ್ಲ. ಲೆಕ್ಕ ಹಾಕೋಣ. ತೂತು ಅರ್ಧ ಮಿಲಿಮೀಟರ್. ಎರಡೂ ಕಡೆಯ ಪ್ರೆಶರ್ ವ್ಯತ್ಯಾಸ 3 ಬಾರ್. ನೀರು ಆ ತೂತಿನಿಂದ ಗಂಟೆಗೆ ಹತ್ತು ಲೀಟರ್‌ಗಿಂತ ಸ್ವಲ್ಪ ಜಾಸ್ತಿ ಹೋಗುತ್ತದೆ. ದಿನಕ್ಕೆ 250 ಲೀಟರ್. ಬಿಂದಿಗೆಯಲ್ಲಿ ಎಣಿಸಿದರೆ ಸಣ್ಣದೇನಲ್ಲ.

ಈಗ ಲೈನಿನಲ್ಲಿ ಗಂಟೆಗೆ 100 ಘನಮೀಟರ್ ಹರಿಯುತ್ತಿದೆ ಅಂತಿಟ್ಟುಕೊಳ್ಳಿ. ಅಂದರೆ ಒಂದು ಲಕ್ಷ ಲೀಟರ್. ಅದರಲ್ಲಿ ಹತ್ತು ಲೀಟರ್ ಅಂದರೆ ಹತ್ತು ಸಾವಿರಕ್ಕೆ ಒಂದು ಪಾಲು. ಒಳ್ಳೆಯ ಫ್ಲೋ ಮೀಟರೂ ನೂರಕ್ಕೆ ಅರ್ಧ ಪಾಲು ಆಚೀಚೆ ತೋರಿಸುತ್ತದೆ. ಸೋರಿಕೆ ಆ ತಪ್ಪಿನೊಳಗೇ ಮುಳುಗಿಹೋಗುತ್ತದೆ. ಟೆಂಪರೇಚರ್‌ನಲ್ಲಂತೂ ಹುಡುಕಲೇಬೇಡಿ.

ಹೋದದ್ದು ಎಷ್ಟು ಅಂತ ಅಳೆಯುವುದಕ್ಕಿಂತ ಬಂದದ್ದು ಏನು ಅಂತ ನೋಡುವುದು ಜಾಣತನ. ಶುದ್ಧ ನೀರಿಗೆ ಉಪ್ಪು ಬಂತಾ, ಕೂಲಿಂಗ್ ನೀರಿಗೆ ಎಣ್ಣೆ ಬಂತಾ, ಇರಬಾರದ ಕಡೆ ಅಮೋನಿಯಾ ಬಂತಾ. ಇರಲೇಬಾರದ್ದು ಒಂದು ಚೂರು ಬಂದರೂ ಎದ್ದು ಕಾಣುತ್ತದೆ.

ನಮ್ದು ಮಾಟುಂಗಾದಲ್ಲಿ ಹೋಟೆಲ್. ಸ್ಟೀಮ್ ಜಾಕೆಟ್ ಪಾತ್ರೆಯಲ್ಲಿ ಹಾಲು ಕಾಯಿಸ್ತೇವೆ. ಇದಕ್ಕೂ ಈ ತಾಪತ್ರಯ ಉಂಟಾ ಮಾರಾಯ್ರೆ?

ಉಂಟು. ನಿಮ್ಮ ಪಾತ್ರೆಯೂ ಒಂದು ಎಕ್ಸ್‌ಚೇಂಜರೇ. ಒಳಪಾತ್ರೆಗೆ ಬಿರುಕು ಬಿಟ್ಟರೆ, ಕಾಯಿಸುವಾಗ ಸ್ಟೀಮ್ ಪ್ರೆಶರ್ ಜಾಸ್ತಿ ಇರುತ್ತದೆ, ಹಬೆ ಹಾಲಿಗೆ ನುಗ್ಗುತ್ತದೆ. ಹಾಲು ಹೇಗೂ ಕುದಿಯುತ್ತಿದೆ, ಗುಳ್ಳೆ ಯಾವುದು ಸೋರಿಕೆ ಯಾವುದು ಯಾರಿಗೂ ತಿಳಿಯುವುದಿಲ್ಲ. ರಾತ್ರಿ ವಾಲ್ವ್ ಮುಚ್ಚುತ್ತೀರಿ. ಜಾಕೆಟ್‌ನೊಳಗಿನ ಹಬೆ ತಣಿದು ನೀರಾಗುತ್ತದೆ, ಅಲ್ಲಿ ವ್ಯಾಕ್ಯೂಮ್ ಹುಟ್ಟುತ್ತದೆ. ಈಗ ಗಾಳಿ ತಿರುಗಿತು ನೋಡಿ. ಪಾತ್ರೆಯಲ್ಲಿ ಉಳಿದ ಹಾಲನ್ನು ಜಾಕೆಟ್ಟೇ ಒಳಕ್ಕೆ ಎಳೆದುಕೊಳ್ಳುತ್ತದೆ.

ಬೆಳಿಗ್ಗೆ ಮೊದಲು ಬರುವ ಕಂಡೆನ್ಸೇಟ್ ಅನ್ನು, ಅಂದರೆ ಹಬೆ ತಣಿದು ಆದ ನೀರನ್ನು, ಒಂದು ಗಾಜಿನ ಲೋಟಕ್ಕೆ ಹಿಡಿದು, ಆರಿದ ಮೇಲೆ ನೋಡಿ. ತಿಳಿಯಾಗಿರಬೇಕು. ಮಸುಕಾಗಿದ್ದರೆ, ಸುಟ್ಟ ಹಾಲಿನ ವಾಸನೆ ಬಂದರೆ ಪಾತ್ರೆ ಕಳಿಸಿಕೊಡಿ. ಲೋಟ ಹಿಡಿಯಲು ಸ್ಟೀಮ್ ಟ್ರ್ಯಾಪ್ (ಹಬೆ ತಡೆದು ನೀರನ್ನು ಮಾತ್ರ ಹೊರಬಿಡುವ ವಾಲ್ವ್) ಹತ್ತಿರ ಒಂದು ಸಣ್ಣ ಡ್ರೈನ್ ಕಾಕ್ ಬೇಕು. ಹೊಸ ಪಾತ್ರೆ ಮಾಡಿಸುವಾಗಲೇ ಕೇಳಿ ಹಾಕಿಸಿ. ವ್ಯಾಕ್ಯೂಮ್ ಆದಾಗ ಗಾಳಿ ಒಳಬಿಡುವ ವ್ಯಾಕ್ಯೂಮ್ ಬ್ರೇಕರ್ ಕೂಡ ಇರಲಿ.

## ಪ್ಲೇಟ್ ಟೈಪ್

ಪ್ಲೇಟ್ ಎಕ್ಸ್‌ಚೇಂಜರ್‌ನಲ್ಲಿ ಗ್ಯಾಸ್ಕೆಟ್ ಹೋದ್ರೆ ಹಾಲು, ನೀರು ಎರಡೂ ಬೆರೆತುಹೋಗುತ್ತಾ?

ಇಲ್ಲ. ಹೀಗೆ ಮಾಡಿದವನ ಕೈಗೆ ಬಂಗಾರದ ಕಡಗ ತೊಡಿಸಬೇಕು. ಇದರಲ್ಲಿ ತೆಳು ಪ್ಲೇಟುಗಳ ಸಾಲು, ಒಂದು ಸಂದಿಯಲ್ಲಿ ಹಾಲು, ಮುಂದಿನದರಲ್ಲಿ ನೀರು. ಗ್ಯಾಸ್ಕೆಟ್ ಹಾಕಿದ ಒಂದು ಪ್ಲೇಟನ್ನು ಕೈಯಲ್ಲಿ ಹಿಡಿದು ಮೂಲೆಯ ದೊಡ್ಡ ತೂತಿನ ಸುತ್ತ ನೋಡಿ. ಬೇರೆ ದ್ರವ ಹಾದುಹೋಗುವ ತೂತಿಗೆ ಸುತ್ತ ಒಂದು ಉಂಗುರ ಗ್ಯಾಸ್ಕೆಟ್, ಅದರಾಚೆ ಇನ್ನೊಂದು ಸಾಲು. ನಡುವೆ ಸಣ್ಣ ಜಾಗ. ಆ ಜಾಗದ ಗ್ಯಾಸ್ಕೆಟ್ ಅಂಚಿನಲ್ಲಿ ಚಿಕ್ಕ ಕಚ್ಚುಗಳಿರುತ್ತವೆ, ಅವು ಹೊರಗಿನ ಗಾಳಿಗೆ ತೆರೆದಿರುತ್ತವೆ. ಯಾವ ಸಾಲು ಹೋದರೂ ದ್ರವ ಮೊದಲು ಆ ಜಾಗಕ್ಕೆ ಬಂದು, ಕಚ್ಚಿನಿಂದ ಹೊರಗೆ ತೊಟ್ಟಿಕ್ಕುತ್ತದೆ.

ಆದರೆ ಪ್ಲೇಟಿಗೇ ಬಿರುಕು ಬಿಟ್ಟರೆ ಈ ಉಪಾಯ ಕೆಲಸಕ್ಕೆ ಬರುವುದಿಲ್ಲ, ನೇರ ಬೆರೆಯುತ್ತದೆ. ಅದಕ್ಕೆ ಡಬಲ್ ವಾಲ್ ಪ್ಲೇಟ್ ಸಿಗುತ್ತದೆ. ಎರಡು ಪ್ಲೇಟುಗಳನ್ನು ಒಂದರ ಬೆನ್ನಿಗೆ ಒಂದು ಅಂಟಿದಂತೆ ಒತ್ತಿ, ಮೂಲೆಯ ತೂತಿನ (ಪೋರ್ಟ್) ಸುತ್ತ ಮಾತ್ರ ವೆಲ್ಡ್ ಮಾಡಿರುತ್ತಾರೆ. ಒಂದಕ್ಕೆ ತೂತು ಬಿದ್ದರೆ ದ್ರವ ಎರಡರ ಸಂದಿಯಲ್ಲಿ ಇಳಿದು ಅಂಚಿನಿಂದ ಹೊರಗೆ ಬರುತ್ತದೆ. ಸಂದಿಯ ಗಾಳಿಯಿಂದ ಬಿಸಿ ದಾಟುವುದು ಕಡಿಮೆಯಾಗುತ್ತದೆ, ಅದಕ್ಕೆ ಪ್ಲೇಟು ಜಾಸ್ತಿ ಬೇಕು.

ಒಂದು ಎಚ್ಚರಿಕೆ. ಜುಲೈ, ಆಗಸ್ಟ್‌ನಲ್ಲಿ ಮುಂಬೈ, ಗೋವಾ ಕಡೆ ತಣ್ಣೀರಿನ ಪ್ಲೇಟ್ ಪ್ಯಾಕ್ ಸುಮ್ನೆ ನಿಂತಲ್ಲೇ ಬೆವರುತ್ತದೆ. ಕೆಳಗಿನ ಟ್ರೇ ತುಂಬುತ್ತದೆ. ಸೋರಿಕೆ ಅಂತ ಹೆದರಿ ಇಡೀ ಪ್ಯಾಕ್ ಬಿಚ್ಚಿದವರಿದ್ದಾರೆ. ಟ್ರೇ ನೀರಿನ ಕಂಡಕ್ಟಿವಿಟಿ ನೋಡಿ, ಅಂದರೆ ಅದು ಎಷ್ಟು ವಿದ್ಯುತ್ ಹರಿಸುತ್ತದೆ ಅಂತ; ಉಪ್ಪು ಇದ್ದಷ್ಟೂ ಅದು ಜಾಸ್ತಿ. ಗಾಳಿಯ ತೇವ ತಣಿದು ಆದ ನೀರಿನಲ್ಲಿ ಉಪ್ಪು ಇರುವುದಿಲ್ಲ.

ಯಾವ ಕಡೆ ಪ್ರೆಶರ್ ಜಾಸ್ತಿ ಇಡಬೇಕು?

ಯಾವುದು ಕೆಡಬಾರದೋ ಆ ಕಡೆ. ತೂತು ಬಿದ್ದರೂ ಒಳ್ಳೆಯದು ಕೆಟ್ಟದ್ದರ ಕಡೆ ಹೋಗಲಿ, ಕೆಟ್ಟದ್ದು ಇತ್ತ ಬರಬಾರದು. ಹೇಳಲು ಸುಲಭ. ಮಾಡುವಾಗ ಎರಡು ಕಡೆ ಎಡವುತ್ತಾರೆ.

ಮೊದಲನೆಯದು, ಗೇಜ್ ಎಲ್ಲಿದೆ ಅನ್ನುವುದು. ಪಂಪ್ ಪಕ್ಕದ ಎರಡು ಗೇಜ್ ನೋಡಿ ‘ನಮ್ದು ಅರ್ಧ ಬಾರ್ ಜಾಸ್ತಿ ಇದೆ’ ಅನ್ನುತ್ತಾರೆ. ಎದುರುಬದುರು ಹರಿಯುವ ಎಕ್ಸ್‌ಚೇಂಜರ್‌ನಲ್ಲಿ ಶುದ್ಧ ದ್ರವ ಹೊರಗೆ ಹೋಗುವ ತುದಿಯಲ್ಲೇ ಕೊಳಕು ದ್ರವ ಒಳಗೆ ಬರುತ್ತದೆ. ಅಂದರೆ ಶುದ್ಧದ್ದರ ಅತಿ ಕಡಿಮೆ ಪ್ರೆಶರ್, ಕೊಳಕಿನ ಅತಿ ಹೆಚ್ಚು ಪ್ರೆಶರ್, ಎರಡೂ ಒಂದೇ ತುದಿಯಲ್ಲಿ ಮುಖಾಮುಖಿ. ಗೇಜ್ ಇರಬೇಕಾದ್ದು ಅಲ್ಲಿ. ಉಳಿದ ಕಡೆ ಎಷ್ಟು ತೋರಿಸಿದರೂ ಪ್ರಯೋಜನವಿಲ್ಲ.

ಎರಡನೆಯದು, ಪಂಪ್ ನಿಂತಾಗ. ಇದನ್ನು ಹಾಲಿನ ಪಾಶ್ಚರೈಸರ್ ಮಾಡಿದವರಿಂದ ಕಲಿಯಬೇಕು. 72 ಡಿಗ್ರಿಯಲ್ಲಿ 15 ಸೆಕೆಂಡ್ ಕಾಯಿಸಿದ ಹಾಲು, ಒಳಗೆ ಬರುತ್ತಿರುವ ಹಸಿ ಹಾಲಿಗೆ ಬಿಸಿ ಕೊಡುತ್ತಾ ಹೊರಗೆ ಹೋಗುತ್ತದೆ. ನಡುವೆ ಅರ್ಧ ಮಿಲಿಮೀಟರ್ ಪ್ಲೇಟ್. ಅಮೆರಿಕದ ಹಾಲಿನ ನಿಯಮದಂತೆ ಕಾಯಿಸಿದ ಕಡೆ ಕನಿಷ್ಠ 1 ಪಿಎಸ್ಐ (ಸುಮಾರು 0.07 ಬಾರ್) ಜಾಸ್ತಿ ಇರಬೇಕು. ಅದಕ್ಕೆ ಮುಖ್ಯ ಪಂಪನ್ನು ಹಸಿ ಹಾಲಿನ ಭಾಗ ದಾಟಿದ ಮೇಲೆ ಇಡುತ್ತಾರೆ. ಹಸಿ ಹಾಲನ್ನು ಅದು ಎಳೆಯುತ್ತದೆ, ಕಾಯಿಸಿದ್ದನ್ನು ತಳ್ಳುತ್ತದೆ. ಎಳೆಯುವ ಕಡೆ ಪ್ರೆಶರ್ ತಾನಾಗಿಯೇ ಕಡಿಮೆ.

ಕರೆಂಟ್ ಹೋದರೆ? ಹಸಿ ಹಾಲು ಬರುವ ಬ್ಯಾಲೆನ್ಸ್ ಟ್ಯಾಂಕನ್ನು ಕೆಳಗೆ ಇಟ್ಟಿರುತ್ತಾರೆ, ಹಸಿ ಹಾಲು ಅಲ್ಲಿಗೆ ಇಳಿದುಹೋಗುತ್ತದೆ. ಕಾಯಿಸಿದ ಹಾಲಿನ ಪೈಪನ್ನು ಹಸಿ ಹಾಲಿನ ಅತಿ ಎತ್ತರದ ಮಟ್ಟಕ್ಕಿಂತ ಕನಿಷ್ಠ 12 ಇಂಚು ಮೇಲೆ ಏರಿಸಿ, ಅಲ್ಲಿ ಗಾಳಿಗೆ ತೆರೆದಿರುತ್ತಾರೆ. ಆ 12 ಇಂಚು ಹಾಲಿನ ಭಾರವೇ ಕಾವಲು. ಸೆನ್ಸರ್ ಇಲ್ಲ, ಪ್ರೋಗ್ರಾಮ್ ಇಲ್ಲ. ನನಗೆ ತುಂಬಾ ಇಷ್ಟವಾದ ಡಿಸೈನ್ ಇದು.

## ಶೆಲ್ ಮತ್ತು ಟ್ಯೂಬ್

ಮಾವ, ನಾನು ಗೋವಾದ ವೆರ್ನಾದಲ್ಲಿ ಔಷಧದ ಕಂಪನಿಯಲ್ಲಿದ್ದೀನಿ. ಡಬಲ್ ಟ್ಯೂಬ್‌ಶೀಟ್ ಇದ್ರೆ ಆಡಿಟ್‌ನಲ್ಲಿ ಏನೂ ಕೇಳಲ್ಲ ಅಂತಾರೆ. ನಿಜವಾಗ್ಲೂ ನಿಶ್ಚಿಂತೇನಾ?

ಅರ್ಧ ನಿಶ್ಚಿಂತೆ ಕಣಪ್ಪಾ. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ತನ್ನ ತಪಾಸಕರಿಗೆ 1979ರಲ್ಲೇ ಎರಡು ದಾರಿ ಬರೆದುಕೊಟ್ಟಿದೆ. ಒಂದು, ಶುದ್ಧ ಕಡೆ ಪ್ರೆಶರ್ ಸದಾ ಜಾಸ್ತಿ ಇದೆ ಅಂತ ಗೇಜ್‌ನಲ್ಲಿ ನೋಡುತ್ತಿರುವುದು. ಇನ್ನೊಂದು, ಡಬಲ್ ಟ್ಯೂಬ್‌ಶೀಟ್. ಅಂದಿನಿಂದ ಎಲ್ಲರಿಗೂ ಎರಡನೆಯದರ ಮೇಲೆ ಪ್ರೀತಿ.

ಈ ವಿಧದಲ್ಲಿ ಶೆಲ್ ಅನ್ನುವ ದೊಡ್ಡ ಕೊಳವೆಯೊಳಗೆ ಟ್ಯೂಬುಗಳ ಕಟ್ಟು; ಒಂದು ದ್ರವ ಟ್ಯೂಬ್ ಒಳಗೆ, ಇನ್ನೊಂದು ಅದರ ಸುತ್ತ ಶೆಲ್‌ನಲ್ಲಿ. ಮಾಮೂಲಿ ಎಕ್ಸ್‌ಚೇಂಜರ್‌ನಲ್ಲಿ ಟ್ಯೂಬಿನ ತುದಿ ಒಂದೇ ಟ್ಯೂಬ್‌ಶೀಟ್‌ನಲ್ಲಿ, ಅಂದರೆ ತೂತುಗಳಿರುವ ದಪ್ಪ ತಟ್ಟೆಯಲ್ಲಿ, ಕೂತಿರುತ್ತದೆ. ಆ ಜಾಯಿಂಟ್ ಸಡಿಲವಾದರೆ ಈ ಕಡೆಯದು ಆ ಕಡೆ. ಡಬಲ್‌ನಲ್ಲಿ ಎರಡು ಶೀಟು, ನಡುವೆ ಗಾಳಿಗೆ ತೆರೆದ ಅಂತರ. ಹೊರಗಿನ ಶೀಟಿನ ಜಾಯಿಂಟ್ ಟ್ಯೂಬ್ ಒಳಗಿನದನ್ನು ತಡೆಯುತ್ತದೆ, ಒಳಗಿನ ಶೀಟಿನದ್ದು ಶೆಲ್‌ನದನ್ನು. ಯಾವ ಜಾಯಿಂಟ್ ಹೋದರೂ ಹನಿ ನಡುವಿನ ಅಂತರಕ್ಕೆ ಬಿದ್ದು ಹೊರಗೆ ಬರುತ್ತದೆ.

ಆದರೆ ಟ್ಯೂಬಿನ ನಡುಮೈಗೆ ತೂತು ಬಿದ್ದರೆ? ಡಬಲ್ ಟ್ಯೂಬ್‌ಶೀಟ್‌ಗೆ ಅದರ ಸುದ್ದಿಯೇ ಇರುವುದಿಲ್ಲ. ಇದನ್ನು ಖರೀದಿ ವಿಭಾಗದವರಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಅದಕ್ಕೇ ಎರಡು ದಾರಿಯಲ್ಲಿ ಒಂದನ್ನು ಆರಿಸುವ ಬದಲು ಎರಡನ್ನೂ ಇಟ್ಟುಕೊಳ್ಳಿ ಅನ್ನುವುದು ನನ್ನ ಮಾತು.

ಮಾಡುವಾಗ ಇನ್ನೊಂದು ತೊಂದರೆ. ಒಳಗಿನ ಶೀಟಿಗೆ ವೆಲ್ಡಿಂಗ್ ಕೈ ಹೋಗುವುದಿಲ್ಲ, ಟ್ಯೂಬನ್ನು ಒಳಗಿನಿಂದ ಹಿಗ್ಗಿಸಿ ಕೂರಿಸಬೇಕು, ಅಷ್ಟೇ. ಎರಡು ಶೀಟುಗಳ ಬಿಸಿ ಬೇರೆ ಬೇರೆ ಇದ್ದರೆ ಅವು ಬೇರೆ ಬೇರೆ ಅಳತೆಗೆ ಹಿಗ್ಗುತ್ತವೆ, ನಡುವಿನ ಗಿಡ್ಡ ಟ್ಯೂಬ್ ತುಂಡುಗಳು ಬಾಗುತ್ತವೆ. ಅಂತರ ತೀರಾ ಕಡಿಮೆ ಇಟ್ಟರೆ ಅವೇ ಮೊದಲು ಸಾಯುತ್ತವೆ.

ಒಂದು ಕಥೆ ಹೇಳಿಬಿಡುತ್ತೇನೆ. ಗೋವಾದ ಒಂದು ಕಾರ್ಖಾನೆಯಿಂದ ಫೋನ್ ಬಂತು, ಶುದ್ಧ ನೀರಿನ ಕಂಡಕ್ಟಿವಿಟಿ ಏರುತ್ತಿದೆ, ನಿಮ್ಮ ಡಬಲ್ ಟ್ಯೂಬ್‌ಶೀಟ್ ಸೋರುತ್ತಿಲ್ಲ, ಬೇರೆ ಏನಿರಬಹುದು ಅಂತ. ಹೋಗಿ ಎಕ್ಸ್‌ಚೇಂಜರ್ ಕೆಳಗೆ ಮಲಗಿ ಟಾರ್ಚ್ ಹಾಕಿದೆ. ಎರಡು ಶೀಟುಗಳ ನಡುವಿನ ಅಂತರವನ್ನು ನಾವು ತಗಡಿನಿಂದ ಮುಚ್ಚಿ, ಕೆಳಗೆ 10 ಮಿಲಿಮೀಟರ್‌ನ ಒಂದು ತೂತು ಬಿಟ್ಟಿದ್ದೆವು. ತೂತೇ ಇಲ್ಲ. ಬೆರಳಿನಿಂದ ಸವರಿದರೆ ಉಬ್ಬಿದ ಗಟ್ಟಿ ಗಂಟು. ಎಂ-ಸೀಲ್! ಮೇಲೆ ನೀಟಾಗಿ ನೀಲಿ ಪೇಂಟ್ ಬೇರೆ. ಕೇಳಿದರೆ ಆಪರೇಟರ್ ಹುಡುಗ ಹೆಮ್ಮೆಯಿಂದ ಹೇಳಿದ, ‘ಸರ್, ಅಲ್ಲಿ ತೊಟ್ಟಿಕ್ಕುತ್ತಿತ್ತು, ನಾನೇ ನಿಲ್ಲಿಸಿದೆ.’ ಹೊರಗೆ ದಾರಿ ಸಿಗದೆ ಅಂತರದಲ್ಲಿ ನೀರು ತುಂಬಿ, ಪ್ರೆಶರ್ ಏರಿ, ಇನ್ನೊಂದು ಜಾಯಿಂಟ್‌ನಿಂದ ಶುದ್ಧ ಕಡೆಗೆ ನುಗ್ಗಿತ್ತು.

ಹುಡುಗನ ತಪ್ಪಲ್ಲ. ತೂತು ಯಾಕಿದೆ ಅಂತ ನಾವು ಎಲ್ಲೂ ಬರೆದಿರಲಿಲ್ಲ. ಈಗ ಬರಿ ತೂತು ಬಿಡುವುದಿಲ್ಲ. ಸಣ್ಣ ಪೈಪ್ ಇಳಿಸಿ ಎದ್ದು ಕಾಣುವ ಕಡೆ ಗಾಜಿನ ಶೀಶೆಗೆ ಬಿಡುತ್ತೇವೆ, ಶೀಶೆಯ ಬಾಯಿ ತೆರೆದೇ ಇರುತ್ತದೆ. ಪಕ್ಕದಲ್ಲಿ ತಗಡಿನ ಫಲಕ: ‘ಮುಚ್ಚಬೇಡಿ. ಹನಿ ಕಂಡರೆ ತಕ್ಷಣ ತಿಳಿಸಿ.’ ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ.

ಟ್ಯೂಬಿನ ನಡುಮೈ ತೂತಿಗೆ ಮದ್ದೇ ಇಲ್ವಾ ಹಾಗಾದ್ರೆ?

ಇದೆ. ಟ್ಯೂಬಿನೊಳಗೆ ಟ್ಯೂಬ್, ಡಬಲ್ ವಾಲ್ ಟ್ಯೂಬ್ ಅನ್ನುತ್ತಾರೆ. ಎರಡರ ನಡುವೆ ಸಣ್ಣ ಗೀರು, ಕಾಲುವೆಯ ಹಾಗೆ. ಹೊರಟ್ಯೂಬನ್ನು ಒಳಗಿನ ಶೀಟಿಗೆ ಕೂರಿಸಿ, ಒಳಟ್ಯೂಬನ್ನು ಮುಂದಕ್ಕೆ ಬಿಟ್ಟು ಹೊರಗಿನ ಶೀಟಿಗೆ ಕೂರಿಸುತ್ತಾರೆ. ಕಾಲುವೆ ಎರಡು ಶೀಟುಗಳ ನಡುವೆ ಬಾಯಿ ತೆರೆಯುತ್ತದೆ. ಯಾವ ಗೋಡೆ ತೂತಾದರೂ ಹನಿ ಅಲ್ಲಿಗೇ ಬರುತ್ತದೆ. ಬೆಲೆ ಜಾಸ್ತಿ, ಬಿಸಿ ದಾಟುವುದು ಕಡಿಮೆ. ಬೆರೆತರೆ ಬೆಂಕಿಯೋ ವಿಷವೋ ಆಗುವ ಕಡೆ ಮಾತ್ರ ಮಾಡಿಸಿ.

ಫಿಕ್ಸೆಡ್, ಯು-ಟ್ಯೂಬ್, ಫ್ಲೋಟಿಂಗ್ ಹೆಡ್, ಇದರಲ್ಲಿ ಸೋರಿಕೆ ಹುಡುಕೋಕೆ ಯಾವುದು ಸುಲಭ?

ಹುಡುಕುವುದು ಹೇಗೆ ಅಂತ ಮೊದಲು ನೋಡಿ. ಎರಡೂ ತುದಿ ಬಿಚ್ಚಿ, ಟ್ಯೂಬುಗಳನ್ನು ಗಾಳಿ ಹೊಡೆದು ಒಣಗಿಸಿ, ಶೆಲ್‌ನಲ್ಲಿ ನೀರು ತುಂಬಿ ಪ್ರೆಶರ್ ಏರಿಸುತ್ತೇವೆ. ಟಾರ್ಚ್ ಹಿಡಿದು ಟ್ಯೂಬ್‌ಶೀಟ್ ಮುಂದೆ ಸ್ಟೂಲ್ ಹಾಕಿ ಕೂರಬೇಕು. ಅವಸರ ಮಾಡಬಾರದು. ಟ್ಯೂಬಿನ ಒಳಗಿನಿಂದ ನೀರು ಹರಿದು ಬಂದರೆ ಟ್ಯೂಬ್ ತೂತು, ಅಂಚಿನ ಸುತ್ತ ಜಿನುಗಿದರೆ ಜಾಯಿಂಟ್.

ಫಿಕ್ಸೆಡ್‌ನಲ್ಲಿ ಎರಡೂ ತುದಿಯ ಟ್ಯೂಬ್‌ಶೀಟ್ ಶೆಲ್‌ಗೆ ಬಿಗಿದಿರುತ್ತದೆ, ಎರಡೂ ಮುಖ ಕಾಣುತ್ತದೆ, ಅದೇ ಸುಲಭ. ಯು-ಟ್ಯೂಬ್‌ನಲ್ಲಿ ಟ್ಯೂಬ್ ಬಾಗಿ ತಿರುಗಿ ಬರುವುದರಿಂದ ಒಂದೇ ಮುಖ, ಪರವಾಗಿಲ್ಲ. ಒಳಗಡೆ ಫ್ಲೋಟಿಂಗ್ ಹೆಡ್ (ಹಿಗ್ಗಿದಾಗ ಜಾರಲು ಬಿಟ್ಟ ತುದಿ) ಇರುವುದೇ ತಲೆನೋವು. ಅದರ ಗ್ಯಾಸ್ಕೆಟ್ ಶೆಲ್ ಒಳಗೇ ಕೂತಿರುತ್ತದೆ, ಹೋದರೆ ಸದ್ದಿಲ್ಲದೆ ಬೆರೆಸುತ್ತದೆ. ಟೆಸ್ಟ್ ಮಾಡಲು ಬೇರೆಯೇ ಟೆಸ್ಟ್ ರಿಂಗ್ ಬೇಕು. ಎಕ್ಸ್‌ಚೇಂಜರ್ ಜೊತೆಗೇ ಆರ್ಡರ್ ಮಾಡಿ. ಆಮೇಲೆ ಬೇಕಾದ ದಿನ ಅದು ಸಿಗುವುದಿಲ್ಲ.

ಟೆಮಾ (ಅಮೆರಿಕದ ಎಕ್ಸ್‌ಚೇಂಜರ್ ತಯಾರಕರ ಸಂಘ) ಪಟ್ಟಿಯಲ್ಲಿ ಡಬ್ಲ್ಯೂ ಅಂತ ಒಂದು ವಿಧವಿದೆ. ಎರಡು ಪ್ಯಾಕಿಂಗ್, ನಡುವೆ ತೂತುಗಳಿರುವ ಲ್ಯಾಂಟರ್ನ್ ರಿಂಗ್. ಯಾವ ಪ್ಯಾಕಿಂಗ್ ಹೋದರೂ ತೂತಿನಿಂದ ಹೊರಗೆ ಹನಿ. ನೀರು, ಲೂಬ್ ಎಣ್ಣೆಯಂಥದ್ದಕ್ಕೆ ಚೆನ್ನ. ಅಪಾಯದ ದ್ರವಕ್ಕೆ ಬೇಡ.

ಇನ್ನೆರಡು ಸಣ್ಣ ವಿಷಯ. ತುದಿಗೆ ಎ ಟೈಪ್ ಚಾನಲ್ (ಟ್ಯೂಬುಗಳಿಗೆ ದ್ರವ ಹಂಚುವ ಪೆಟ್ಟಿಗೆ) ಹಾಕಿಸಿ. ಮುಚ್ಚಳ ಮಾತ್ರ ಬಿಚ್ಚಿದರೆ ಸಾಕು, ಪೈಪಿಗೆ ಕೈ ಹಚ್ಚಬೇಕಿಲ್ಲ. ಬಿ ಟೈಪ್ ಅಗ್ಗ, ಆದರೆ ಪ್ರತಿ ಸಲ ಪೈಪೂ ಬಿಚ್ಚಬೇಕು. ಮತ್ತೆ, ಟ್ಯೂಬ್ ಕಡೆ 40 ಬಾರ್, ಶೆಲ್ ಕಡೆ 6 ಬಾರ್ ಅಂತ ಡಿಸೈನ್ ಮಾಡಿದರೆ, ಹುಡುಕುವಾಗ ಶೆಲ್‌ಗೆ ಸಾಕಷ್ಟು ಪ್ರೆಶರ್ ಕೊಡಲಾಗದು. ನಡೆಯುವಾಗ ಸೋರುವ ತೂತು ಟೆಸ್ಟ್‌ನಲ್ಲಿ ಸುಮ್ಮನಿರುತ್ತದೆ.

## ಸ್ವಲ್ಪ ಮುಂದುವರಿದವರಿಗೆ

ಸಮುದ್ರದ ನೀರಿನ ಕಂಡೆನ್ಸರ್‌ನಲ್ಲಿ ಎಷ್ಟು ಸಣ್ಣ ಸೋರಿಕೆ ಹಿಡೀಬಹುದು?

ನಂಬಲಾರದಷ್ಟು ಸಣ್ಣದು. ಮುಂಬೈ ಹತ್ತಿರದ ಟ್ರಾಂಬೆ, ತಾರಾಪುರದ ವಿದ್ಯುತ್ ಕೇಂದ್ರಗಳಿಗೆ ಕಡಲ ನೀರೇ ತಂಪು. ಟರ್ಬೈನ್‌ನಿಂದ ಬಂದ ಹಬೆಯನ್ನು ತಣಿಸಿ ನೀರು ಮಾಡುವ ಕಂಡೆನ್ಸರ್ ಒಳಗೆ ವ್ಯಾಕ್ಯೂಮ್ ಇರುವುದರಿಂದ ತೂತು ಬಿದ್ದರೆ ಉಪ್ಪುನೀರು ಒಳಕ್ಕೇ ಹೋಗುತ್ತದೆ. ಕಡಲ ನೀರಿನ ಲೀಟರ್‌ಗೆ ಸುಮಾರು 19 ಗ್ರಾಂ ಕ್ಲೋರೈಡ್. ಹತ್ತು ಲಕ್ಷ ಲೀಟರ್ ಕಂಡೆನ್ಸೇಟ್‌ಗೆ ಒಂದೇ ಲೀಟರ್ ಬೆರೆತರೂ ಲೀಟರ್‌ಗೆ 19 ಮೈಕ್ರೋಗ್ರಾಂ.

ನೇರ ಕಂಡಕ್ಟಿವಿಟಿ ನೋಡಿದರೆ ಇದು ತಿಳಿಯುವುದಿಲ್ಲ, ಯಾಕಂದರೆ ತುಕ್ಕು ತಡೆಯಲು ನಾವೇ ಹಾಕಿದ ಅಮೋನಿಯಾ ಗದ್ದಲ ಮಾಡುತ್ತಿರುತ್ತದೆ. ಅದಕ್ಕೆ ಸ್ಯಾಂಪಲನ್ನು ಕ್ಯಾಟಯಾನ್ ರೆಸಿನ್ ಮೂಲಕ ಹಾಯಿಸುತ್ತಾರೆ. ಅಮೋನಿಯಾ ಅಲ್ಲೇ ಉಳಿಯುತ್ತದೆ, ಉಪ್ಪು ಆಮ್ಲವಾಗಿ ಹೊರಬರುತ್ತದೆ. ಆಮ್ಲಕ್ಕೆ ಕಂಡಕ್ಟಿವಿಟಿ ಜಾಸ್ತಿ. ಆ 19 ಮೈಕ್ರೋಗ್ರಾಂ ಕ್ಲೋರೈಡ್ ಸೆಂಟಿಮೀಟರ್‌ಗೆ 0.2 ಮೈಕ್ರೋಸೀಮೆನ್ಸ್‌ನಷ್ಟು ಏರಿಕೆ ತೋರಿಸುತ್ತದೆ. ಸಾಕು.

ಯಾವ ಟ್ಯೂಬ್ ಅಂತ ಹುಡುಕಲು ಒಂದು ಮನೆಮದ್ದಿನಂಥ ಉಪಾಯವಿದೆ. ಟ್ಯೂಬುಗಳಿಗೆ ಕಡಲ ನೀರು ಹಂಚುವ ವಾಟರ್ ಬಾಕ್ಸನ್ನು ಎರಡು ಭಾಗ ಮಾಡಿಟ್ಟಿದ್ದರೆ, ಲೋಡ್ ಇಳಿಸಿ ಒಂದು ಭಾಗ ಮುಚ್ಚಿ, ಬಾಗಿಲು ತೆಗೆಯಬಹುದು. ಟ್ಯೂಬ್‌ಶೀಟ್ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿದರೆ ತೂತಾದ ಟ್ಯೂಬು ಹಾಳೆಯನ್ನು ಒಳಕ್ಕೆ ಎಳೆದು ಗುಳಿ ಮಾಡುತ್ತದೆ. ಎರಡು ಭಾಗ ಮಾಡುವ ತೀರ್ಮಾನ ಮಾತ್ರ ಡ್ರಾಯಿಂಗ್ ದಿನವೇ ಆಗಿರಬೇಕು.

ಹನ್ನೆರಡು ಎಕ್ಸ್‌ಚೇಂಜರ್‌ಗೆ ಒಂದೇ ಕೂಲಿಂಗ್ ಟವರ್. ನೀರಲ್ಲಿ ಎಣ್ಣೆ ಕಾಣ್ತಿದೆ. ಯಾವುದಂತ ಹುಡುಕಲಿ?

ಪ್ರತಿ ಎಕ್ಸ್‌ಚೇಂಜರ್‌ನ ವಾಪಸ್ ಲೈನಿಗೆ ಒಂದೊಂದು ಸ್ಯಾಂಪಲ್ ಕಾಕ್ ಇದ್ದಿದ್ದರೆ ಒಂದು ಮಧ್ಯಾಹ್ನದ ಕೆಲಸ. ಇಲ್ಲದಿದ್ದರೆ ಒಂದೊಂದೇ ಬೈಪಾಸ್ ಮಾಡುತ್ತಾ ವಾರ ಕಳೆಯಬೇಕು. ಮೂಗಿನಿಂದ ಪರೀಕ್ಷೆ ಬೇಡ. ರಿಫೈನರಿ ನೀರಿನಲ್ಲಿ ಹೈಡ್ರೋಜನ್ ಸಲ್ಫೈಡ್ ಇದ್ದರೆ ಅದು ಮೂಗನ್ನೇ ಸಾಯಿಸುತ್ತದೆ. ಎಣ್ಣೆ ಕಣ್ಣಿಗೆ ಬೀಳುವ ಮೊದಲೇ ಟವರ್ ಇನ್ನೊಂದು ಸುಳಿವು ಕೊಟ್ಟಿರುತ್ತದೆ: ಕ್ಲೋರಿನ್ ಎಷ್ಟು ಹಾಕಿದರೂ ಸಾಲುವುದಿಲ್ಲ, ಲೋಳೆ ಕಟ್ಟುತ್ತದೆ.

ಹೊಸ ಪ್ಲಾಂಟ್ ಆದರೆ ಅಪಾಯದ ಎಕ್ಸ್‌ಚೇಂಜರ್‌ಗಳನ್ನು ನೇರ ಟವರ್‌ಗೆ ಸೇರಿಸಬೇಡಿ. ನಡುವೆ ಒಂದು ಮುಚ್ಚಿದ ನೀರಿನ ಸುತ್ತು ಇಡಿ, ಅದಕ್ಕೆ ಸಣ್ಣ ಎಕ್ಸ್‌ಪ್ಯಾನ್ಷನ್ ಟ್ಯಾಂಕ್. ನೀರು ಕಡಿಮೆ ಇರುವುದರಿಂದ ಬೆರೆತದ್ದು ಬೇಗ ಕಾಣುತ್ತದೆ. ಟ್ಯಾಂಕ್ ಮಟ್ಟ ಏರಿದರೆ ಒಳಗೆ ಬರುತ್ತಿದೆ, ಇಳಿದರೆ ಹೊರಗೆ ಹೋಗುತ್ತಿದೆ. ಭಾರಜಲದ ರಿಯಾಕ್ಟರ್‌ಗಳಲ್ಲಿ ತಂಪು ನೀರಿನಲ್ಲಿ ಟ್ರಿಟಿಯಂ (ಭಾರಜಲದಲ್ಲಿ ಹುಟ್ಟುವ ವಿಕಿರಣ ಹೈಡ್ರೋಜನ್) ಹುಡುಕುವುದೂ ಇದೇ ಯೋಚನೆ: ಇರಬಾರದ್ದು ಬಂತಾ ಅಂತ.

ಎರಡೂ ಕಡೆ ನೀರೇ ಇದ್ರೆ ಏನು ನೋಡೋದು?

ಒಂದು ಕಡೆಗೆ ಗುರುತು ಹಾಕಿ. ಫ್ಲೋರೆಸೀನ್ ಬಣ್ಣ ಸ್ವಲ್ಪ ಹಾಕಿದರೆ ಯುವಿ ದೀಪದಲ್ಲಿ ಹಸಿರಾಗಿ ಹೊಳೆಯುತ್ತದೆ. ಕುಡಿಯುವ, ತಿನ್ನುವ ಪದಾರ್ಥದ ಹತ್ತಿರ ಹಾಕುವ ಮೊದಲು ಒಪ್ಪಿಗೆ ಪಡೆಯಿರಿ.

ಇಲ್ಲವೇ ಒಂದು ಕಡೆ ಮುಚ್ಚಿ ಪ್ರೆಶರ್ ಹಿಡಿದು ಗೇಜ್ ನೋಡಿ. ಇಲ್ಲಿ ಎರಡು ಮೋಸ ಇದೆ. ಗೇಟ್ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಅದರಿಂದಲೇ ಪ್ರೆಶರ್ ಇಳಿಯುತ್ತದೆ. ಎರಡು ವಾಲ್ವ್, ನಡುವೆ ಬ್ಲೀಡ್ (ಗಾಳಿಗೆ ತೆರೆದ ಸಣ್ಣ ದಾರಿ) ಇರಲಿ, ಅಥವಾ ಬ್ಲೈಂಡ್ ಪ್ಲೇಟ್ ಹಾಕಿ. ಮತ್ತೆ, ಗಾಳಿಯಿಲ್ಲದೆ ತುಂಬಿದ ನೀರು ಒಂದು ಡಿಗ್ರಿ ಬಿಸಿಯಾದರೆ ಪ್ರೆಶರ್ ಹಲವು ಬಾರ್ ಏರುತ್ತದೆ. ಬೆಳಿಗ್ಗೆ ಹಿಡಿದು ಮಧ್ಯಾಹ್ನದ ಬಿಸಿಲಿನಲ್ಲಿ ನೋಡಿದರೆ ‘ಪ್ರೆಶರ್ ಇಳಿದೇ ಇಲ್ಲ’ ಅನಿಸುತ್ತದೆ.

ಹೀಲಿಯಂ ಟೆಸ್ಟ್ ಮಾಡಿಸ್ಲೇಬೇಕಾ?

ಎಲ್ಲದಕ್ಕೂ ಬೇಡ. ಒಂದು ಕಡೆ ಹೀಲಿಯಂ ತುಂಬಿ, ಇನ್ನೊಂದು ಕಡೆ ಬಂತಾ ಅಂತ ಯಂತ್ರದಿಂದ ನೋಡುವುದು; ನೀರಿನ ಟೆಸ್ಟ್‌ನಲ್ಲಿ ಸಿಗದ, ಆದರೆ ಗ್ಯಾಸ್ ದಾಟುವ ತೂತಿಗೆ ಅದು. ಹೀಲಿಯಂ ಬದಲು 5% ಹೈಡ್ರೋಜನ್, 95% ನೈಟ್ರೋಜನ್ ಮಿಶ್ರಣ ಅಗ್ಗ, ಬೆಂಕಿ ಹತ್ತುವುದಿಲ್ಲ. ಹಲವು ಕಡೆ ಅದೇ ಸಾಕು.

ಇದೆಲ್ಲಾ ಹಾಕಿದ್ರೆ ರೇಟು ಎಷ್ಟು ಏರುತ್ತೆ?

ಡಬಲ್ ವಾಲ್ ಟ್ಯೂಬ್ ಬಿಟ್ಟರೆ ಅಂಥ ದೊಡ್ಡ ಖರ್ಚಿಲ್ಲ. ಸ್ಯಾಂಪಲ್ ಕಾಕ್, ಅತಿ ತಗ್ಗಿನಲ್ಲಿ ಡ್ರೈನ್, ಅತಿ ಎತ್ತರದಲ್ಲಿ ವೆಂಟ್, ಮುಖಾಮುಖಿ ತುದಿಯಲ್ಲಿ ಎರಡು ಗೇಜ್ ಪಾಯಿಂಟ್: ಶೆಡ್‌ನಲ್ಲಿ ತಯಾರಾಗುವಾಗ ಇವು ಒಂದು ದಿನದ ವೆಲ್ಡಿಂಗ್. ಪ್ಲಾಂಟ್‌ನಲ್ಲಿ ನಿಂತ ಮೇಲೆ ಅದೇ ಅರ್ಧ ಇಂಚಿನ ಕಾಕ್ ಹಾಕಲು ಖಾಲಿ ಮಾಡಿ, ತೊಳೆದು, ಹಾಟ್ ವರ್ಕ್ ಪರ್ಮಿಟ್ ತಗೊಂಡು, ವೆಲ್ಡ್ ಮಾಡಿ, ಮತ್ತೆ ಹೈಡ್ರೋಟೆಸ್ಟ್ ಕೊಡಬೇಕು. ಹೋದ ತಿಂಗಳು ಚಾಕಣದಿಂದ ಒಬ್ಬರು ಕೊಟೇಶನ್‌ನಲ್ಲಿ ನಾಲ್ಕು ಕಾಕ್ ಹೊಡೆದುಹಾಕಿ ಕಳಿಸಿದರು. ಮೂರನ್ನು ಬಿಟ್ಟುಕೊಟ್ಟೆ. ವಾಪಸ್ ಲೈನಿನ ಸ್ಯಾಂಪಲ್ ಕಾಕ್ ಮಾತ್ರ ನನ್ನ ಲೆಕ್ಕದಲ್ಲೇ ಹಾಕಿ ಕಳಿಸಿದ್ದೇನೆ.